ಗುತ್ತಿಗೆದಾರ ಬದಲಾದರೆ ಪಿಎಫ್ ತೆಗೆಯಲೇಬೇಕು ಅಂತ ಯಾರು ಹೇಳಿದರು?

ಸಿಟ್ಟು ಬಂದಿದೆ, ಅದಕ್ಕೇ ಉದ್ದ ಬರೆಯುತ್ತಿದ್ದೇನೆ. ಪುರುಸೊತ್ತು ಇದ್ದವರು ಓದಿ. ಮನೆಯಲ್ಲಿ ಫ್ಯಾಕ್ಟರಿಗೆ ಹೋಗುವ ತಮ್ಮನೋ ಗಂಡನೋ ಮಗನೋ ಇದ್ದರೆ ಪುರುಸೊತ್ತು ಮಾಡಿಕೊಂಡಾದರೂ ಓದಿ.

ಇವತ್ತು ಕೊಪ್ಪಳ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಆನ್‌ಲೈನ್ ಸೆಂಟರ್‌ಗೆ ಮಗಳ ಜಾತಿ ಪ್ರಮಾಣ ಪತ್ರದ ಅರ್ಜಿ ಹಾಕಿಸಲು ಹೋಗಿದ್ದೆ. ಬಾಗಿಲಿಗೇ ಬೋರ್ಡು: ಪಿಎಫ್ ಹಣ ತೆಗೆಸಿಕೊಡಲಾಗುವುದು, ಹೊಸ ರೂಲ್ಸ್ ಬರುವ ಮುಂಚೆ ತೆಗೆದುಕೊಳ್ಳಿ. ಒಳಗೆ ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗ ನನಗೆ ಗೊತ್ತಿರುವವನೇ. ಗಿಣಿಗೇರಾ ಕಡೆಯ ಪ್ಲಾಂಟಿನಲ್ಲಿ ಫಿಟ್ಟರ್. ನಾನು ಫ್ಯಾಕ್ಟರಿಯಲ್ಲಿ ಹಾಜರಿ ನೋಡಿಕೊಳ್ಳುವ ಟೈಮ್ ಆಫೀಸಿನವಳು ಅಂತ ನಿಮಗೆಲ್ಲ ಗೊತ್ತಲ್ಲ, ಗೇಟಿನಲ್ಲಿ ಹಾಜರಿ ಹಾಕುವವರ ಮುಖ ಮರೆಯುವುದಿಲ್ಲ. ವಯಸ್ಸು ಇಪ್ಪತ್ತೊಂಬತ್ತು. ಎಂಟು ವರ್ಷದಿಂದ ಅಲ್ಲೇ ದುಡಿಯುತ್ತಿದ್ದಾನೆ.

"ಯಾಕೋ ತಮ್ಮಾ, ಕೆಲಸ ಬಿಟ್ಟೇನು?" ಅಂದೆ.

"ಇಲ್ರಿ ಅಕ್ಕಾರ, ಅಲ್ಲೇ ಅದೀನಿ. ಕಾಂಟ್ರಾಕ್ಟರ್ ಬದಲಾದ್ರು. ಹಳೇ ಪಿಎಫ್ ತೆಗಸಾಕತ್ತೀನಿ."

"ಪಿಂಚಣಿದ್ದೂ ತೆಗೀತಿಯೇನು?"

"ಅದೂ ನಮ್ದ ರೊಕ್ಕ ಅಲ್ರಿ? ಅಲ್ಲಿಟ್ಟು ಏನ್ ಮಾಡೂದು? ಐವತ್ತೆಂಟಕ್ಕ ಇರ್ತೀವೋ ಇಲ್ಲೋ."

ಪಿಂಚಣಿ ಶುರುವಾಗುವುದು ಐವತ್ತೆಂಟನೇ ವಯಸ್ಸಿಗೆ, ಅವನು ಹೇಳಿದ್ದು ಅದನ್ನೇ. ನಾನು ಮಾತು ಶುರು ಮಾಡುವಷ್ಟರಲ್ಲಿ ಅಂಗಡಿಯವನು ಓಟಿಪಿ ಕೇಳಿದ, ಇವನು ಹೇಳಿದ, ಮುಗಿಯಿತು. ಫಾರ್ಮ್ 19 ಹಾಕಿ ಪಿಎಫ್, ಫಾರ್ಮ್ 10ಸಿ ಹಾಕಿ ಪಿಂಚಣಿ ಪಾಲು. ಎರಡಕ್ಕೂ ಸೇರಿ ಅಂಗಡಿಯವನಿಗೆ ನೂರಕ್ಕೆ ಹತ್ತು. ಪಿಎಫ್ ವೆಬ್‌ಸೈಟ್‌ನಲ್ಲಿ ಇದೇ ಅರ್ಜಿ ಪುಕ್ಕಟೆ ಹಾಕಬಹುದು. ಆದರೆ ನನ್ನ ಸಿಟ್ಟು ಆ ಹತ್ತು ಪರ್ಸೆಂಟಿನ ಮೇಲಲ್ಲ. ಎರಡನೇ ಫಾರ್ಮ್ ಒತ್ತಿದ ಕೂಡಲೇ ಪಿಂಚಣಿಯ ಲೆಕ್ಕಕ್ಕೆ ಬರುವ ಆ ಹುಡುಗನ ಎಂಟು ವರ್ಷದ ಸರ್ವೀಸ್ ಹೋಯಿತು. ಅದು ಅವನಿಗೆ ಗೊತ್ತಿಲ್ಲ. ಒತ್ತಿದವನು ಹೇಳಲಿಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಿಮ್ಮ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000 ಅಂದುಕೊಳ್ಳಿ. ಸಂಬಳದಿಂದ ನೂರಕ್ಕೆ 12ರಂತೆ 1,800 ಹಿಡಿಯುತ್ತಾರೆ. ಕಂಪನಿಯೂ ಅಷ್ಟೇ ಹಾಕಬೇಕು. ಕಂಪನಿ ಹಾಕುವುದರಲ್ಲಿ 1,250 ಪಿಂಚಣಿಗೆ, ಉಳಿದ 550 ನಿಮ್ಮ ಪಿಎಫ್‌ಗೆ. ಅಂದರೆ ನಿಮ್ಮ ಹೆಸರಿನಲ್ಲಿ ತಿಂಗಳಿಗೆ 2,350 ಪಿಎಫ್‌ನಲ್ಲಿ ಬೆಳೆಯುತ್ತಿರುತ್ತದೆ. 2024-25ಕ್ಕೆ ಬಡ್ಡಿ 8.25. ಇದೇ ಬಡ್ಡಿ ಸಿಗುತ್ತಾ ಹೋಗಿ ಇಪ್ಪತ್ತೈದು ವರ್ಷ ಮುಟ್ಟದೆ ಬಿಟ್ಟರೆ ಸುಮಾರು 22 ಲಕ್ಷ ಆಗುತ್ತದೆ. ನೀವು ಹಾಕಿದಷ್ಟೇ ಇನ್ನೊಬ್ಬರೂ ಹಾಕುವ ಉಳಿತಾಯ ನಮ್ಮಂಥವರಿಗೆ ಬೇರೆ ಎಲ್ಲಿದೆ ಹೇಳಿ? ಆದರೂ ಪ್ರತಿ ಹೊಸ ಬ್ಯಾಚಿನಲ್ಲಿ ಯಾರಾದರೂ ಬಂದು "ಪಿಎಫ್ ಕಟ್ ಮಾಡಬ್ಯಾಡ್ರಿ, ಕೈಗೆ ಕೊಡ್ರಿ" ಅನ್ನುತ್ತಾರೆ. ಕೆಲವು ಗುತ್ತಿಗೆದಾರರಿಗೂ ಅದೇ ಬೇಕು, ಅವರ ಪಾಲು ಉಳಿಯುತ್ತಲ್ಲ.

ಇನ್ನು ಪಿಂಚಣಿ ಪಾಲು. ಪಾಸ್‌ಬುಕ್‌ನಲ್ಲಿ ಇದಕ್ಕೆ ಬೇರೆ ಕಾಲಂ. ಅದರಲ್ಲಿ ಬಡ್ಡಿ ಕಾಣುವುದಿಲ್ಲ. ಅದಕ್ಕೇ ಹುಡುಗರು ಇದನ್ನು ಸತ್ತ ರೊಕ್ಕ ಅಂದುಕೊಳ್ಳುತ್ತಾರೆ. ಆದರೆ ಅಲ್ಲಿ ಬೆಳೆಯುವುದು ಬಡ್ಡಿ ಅಲ್ಲ, ವರ್ಷ. ಪಿಂಚಣಿಯ ಲೆಕ್ಕ ಇಷ್ಟೇ: ಕೊನೆಯ ಐದು ವರ್ಷದ ಸರಾಸರಿ ಸಂಬಳ, ಅದೂ 15,000ದ ಮಿತಿಯೊಳಗೆ, ಅದನ್ನು ಸರ್ವೀಸಿನ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಕೊನೆಯ ಸಂಬಳ ಅನ್ನುವುದನ್ನು ಗಮನಿಸಿ. ನೀವು ಇಪ್ಪತ್ತೊಂದನೇ ವಯಸ್ಸಿನಲ್ಲಿ ಒಂಬತ್ತು ಸಾವಿರಕ್ಕೆ ದುಡಿದ ವರ್ಷಕ್ಕೂ ಐವತ್ತೆಂಟರಲ್ಲಿ ಕೊನೆಯ ಸಂಬಳದ ಬೆಲೆಯೇ ಸಿಗುತ್ತದೆ. ಈಗಲೇ ತೆಗೆದರೆ ಈಗಿನ ಸಂಬಳದ ಮೇಲೆ ಲೆಕ್ಕ ಹಾಕಿ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆ ಹುಡುಗನ ಎಂಟು ವರ್ಷ ಅಂದರೆ 15,000 ಗುಣಿಸು 8, ಭಾಗಿಸು 70. ತಿಂಗಳಿಗೆ 1,714 ರೂಪಾಯಿ, ಸಾಯೋವರೆಗೂ. ಅವನು ಸತ್ತ ಮೇಲೆ ಅದರಲ್ಲಿ ಅರ್ಧ ಹೆಂಡತಿಗೆ. ಇದೆಲ್ಲ ಒಂದು ಓಟಿಪಿಯಲ್ಲಿ ಹೋಯಿತು.

ಇನ್ನೊಂದು ಮಾತು. ಪಿಂಚಣಿ ಸಿಗಬೇಕಾದರೆ ಕನಿಷ್ಠ ಹತ್ತು ವರ್ಷದ ಸರ್ವೀಸ್ ಬೇಕು. ಅವನಿಗೆ ಎಂಟು ಆಗಿತ್ತು. ಇನ್ನೆರಡು ವರ್ಷ ಕಾದಿದ್ದರೆ ಆ ಹಕ್ಕು ಯಾರೂ ಕಿತ್ತುಕೊಳ್ಳದ ಹಾಗೆ ಕೂತುಬಿಡುತ್ತಿತ್ತು. ಈಗ ಮತ್ತೆ ಸೊನ್ನೆಯಿಂದ ಶುರು.

ಅವನೇನು ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದನಾ? ಇಲ್ಲವಲ್ಲ! ಗೇಟು ಅದೇ, ಮಷೀನ್ ಅದೇ, ಶಿಫ್ಟ್ ಅದೇ. ಗೇಟ್ ಪಾಸ್ ಮೇಲಿನ ಹೆಸರು ಮಾತ್ರ ಹೊಸದು. ಯುಎಎನ್ ಅಂತ ಒಬ್ಬರಿಗೆ ಒಂದೇ ನಂಬರ್ ಕೊಟ್ಟಿರುವುದೇ ಇದಕ್ಕಾಗಿ, ಹಳೇ ಖಾತೆಯನ್ನು ಹೊಸದಕ್ಕೆ ವರ್ಗ ಮಾಡಿದರೆ ವರ್ಷಗಳು ಸಾಲಾಗಿ ಕೂಡುತ್ತಾ ಹೋಗುತ್ತವೆ. ಆದರೆ ನಮ್ಮ ಕಡೆ ಗುತ್ತಿಗೆ ಬದಲಾಯಿತು ಅಂದರೆ ಪಿಎಫ್ ತೆಗೆಯುವ ಹಬ್ಬ ಅಂತಲೇ ಆಗಿಬಿಟ್ಟಿದೆ. ಎಷ್ಟರಮಟ್ಟಿಗೆ ಅಂದರೆ, ಹಳೇ ರೂಲ್ಸ್ ಪ್ರಕಾರ ಹಣ ತೆಗೆಯಲು ಎರಡು ತಿಂಗಳು ಕೆಲಸವಿಲ್ಲದೆ ಖಾಲಿ ಇರಬೇಕಲ್ಲ, ಅದಕ್ಕಾಗಿ ಹುಡುಗರೇ ಹೊಸ ಗುತ್ತಿಗೆದಾರನ ಹತ್ತಿರ ಹೋಗಿ "ಎರಡ್ ತಿಂಗಳು ಪಿಎಫ್‌ಗೆ ನಮ್ಮ ಹೆಸರು ಹಾಕಬ್ಯಾಡ್ರಿ" ಅಂತ ಕೇಳಿಕೊಳ್ಳುತ್ತಾರೆ. ಗುತ್ತಿಗೆದಾರನಿಗೂ ಅದು ಖುಷಿ, ಎರಡು ತಿಂಗಳ ಪಾಲು ಉಳಿಯುತ್ತಲ್ಲ.

ಇದು ಎಂಥ ಅಪಾಯ ಅಂತ ಯೋಚನೆ ಮಾಡಿದ್ದೀರಾ? ಫರ್ನೇಸ್ ಇರುವ ಜಾಗ, ಕ್ರೇನ್ ಓಡಾಡುವ ಜಾಗ. ಪಿಎಫ್ ಜೊತೆಗೇ ಇಡಿಎಲ್‌ಐ ಅಂತ ಒಂದು ವಿಮೆ ಬರುತ್ತದೆ. ಕೆಲಸದಲ್ಲಿದ್ದಾಗ ಸತ್ತರೆ ಮನೆಯವರಿಗೆ ಗರಿಷ್ಠ 7 ಲಕ್ಷದವರೆಗೆ. ನಿಮ್ಮ ಸಂಬಳದಿಂದ ಅದಕ್ಕೆ ಒಂದು ಪೈಸೆಯೂ ಹಿಡಿಯುವುದಿಲ್ಲ. ಹೆಂಡತಿಗೆ ಪಿಂಚಣಿ ಬರಲು ಹತ್ತು ವರ್ಷವೂ ಬೇಕಿಲ್ಲ. ಕೆಲಸದಲ್ಲಿದ್ದಾಗ ತೀರಿಕೊಂಡರೆ ಒಂದು ತಿಂಗಳ ಕಂತು ಬಿದ್ದಿದ್ದರೂ ಸಾಕು. ಇಬ್ಬರು ಮಕ್ಕಳಿಗೂ 25 ವರ್ಷ ಆಗುವವರೆಗೆ ಬೇರೆ ಬರುತ್ತದೆ. ಹಳೆಯದನ್ನೆಲ್ಲ ಖಾಲಿ ಮಾಡಲು ಹೊರಟು, ಹೊಸದರಲ್ಲಿ ಹೆಸರೇ ಇಲ್ಲದ ಆ ಎರಡು ತಿಂಗಳಲ್ಲಿ ಏನಾದರೂ ಆದರೆ ಆ ಹೆಣ್ಣುಮಗಳು ಯಾವ ಕಾಗದ ಹಿಡಿದುಕೊಂಡು ಯಾರ ಮುಂದೆ ನಿಲ್ಲಬೇಕು? "ಐವತ್ತೆಂಟಕ್ಕ ಇರ್ತೀವೋ ಇಲ್ಲೋ" ಅನ್ನುವವರಿಗೆ ನಾನು ಕೇಳುವುದು ಇದನ್ನೇ. ಇಲ್ಲದೆ ಹೋದರೆ ಅಂತಲೇ ಅಲ್ವಾ ಅದನ್ನು ಉಳಿಸಬೇಕಾಗಿರುವುದು?

"ನಿಮಗೇನ್ರಿ, ಕುಂತು ಲೆಕ್ಕ ಹೇಳ್ತೀರಿ, ನಮ್ಮ ಕಷ್ಟ ನಿಮಗೇನ್ ಗೊತ್ತು" ಅನ್ನುವವರಿದ್ದಾರೆ. ಗೊತ್ತು. ತಂಗಿ ಮದುವೆ, ಹೆರಿಗೆ, ಆಸ್ಪತ್ರೆ, ಬೋರ್ ಕೊರೆಸಿ ನೀರು ಬೀಳದೆ ಆದ ಸಾಲ, ಎಲ್ಲ ಗೊತ್ತು. ಮೂರು ರೂಪಾಯಿ ಬಡ್ಡಿಗೆ ತಂದ ಸಾಲ ಇದ್ದರೆ ಅದು ವರ್ಷಕ್ಕೆ ನೂರಕ್ಕೆ ಮೂವತ್ತಾರು. ಆಗ ಎಂಟು ಪರ್ಸೆಂಟಿನ ಹಣ ತೆಗೆದು ಆ ಸಾಲ ತೀರಿಸುವುದು ಸರಿಯಾದ ಲೆಕ್ಕವೇ, ನಾನೇ ಹೇಳಿಕೊಟ್ಟು ಮಾಡಿಸಿದ್ದೇನೆ. ಕಷ್ಟಕ್ಕೆ ಅಂತಲೇ ಫಾರ್ಮ್ 31 ಇದೆ, ಕೆಲಸದಲ್ಲಿದ್ದುಕೊಂಡೇ ಪಿಎಫ್‌ನಿಂದ ಅಡ್ವಾನ್ಸ್ ತೆಗೆಯಬಹುದು. ಕಾಯಿಲೆಗೆ, ಮದುವೆಗೆ, ಮನೆಗೆ. ಪಿಂಚಣಿ ಪಾಲನ್ನು ಮುಟ್ಟುವ ಅಗತ್ಯವೇ ಇಲ್ಲ. ಮತ್ತೆ, ಎಲ್ಲರೂ ಕಷ್ಟಕ್ಕೇ ತೆಗೆಯುತ್ತಾರೆ ಅಂತಲೂ ಹೇಳಬೇಡಿ. ಆ ಹುಡುಗ ತೆಗೆದದ್ದು ಬೈಕ್ ಬದಲಾಯಿಸಲು. ಇದ್ದ ಬೈಕ್ ಚೆನ್ನಾಗಿಯೇ ಓಡುತ್ತಿತ್ತು, ಸೆಂಟರ್ ಮುಂದೆಯೇ ನಿಂತಿತ್ತು.

ಇನ್ನು ಕೆಲವರು, "ಪಿಂಚಣಿ ಅಂದ್ರ ಸಾವಿರ ರೂಪಾಯಿ, ಅದಕ್ಕೇನ್ ಬರ್ತದ" ಅನ್ನುತ್ತಾರೆ. ಕನಿಷ್ಠ ಪಿಂಚಣಿ 2014ರಿಂದ 1,000 ರೂಪಾಯಿಯಲ್ಲೇ ನಿಂತಿದೆ, ಅದು ಅನ್ಯಾಯ. 7,500 ಮಾಡಿ ಅಂತ ವಯಸ್ಸಾದವರು ವರ್ಷಗಟ್ಟಲೆಯಿಂದ ಬೀದಿಗಿಳಿದು ಕೇಳುತ್ತಿದ್ದಾರೆ. ಕೇಳಲೇಬೇಕು. ಆದರೆ ಅದು ಹೆಚ್ಚಾದ ದಿನ ಸಿಗಬೇಕಾದರೆ ನಿಮ್ಮ ಹೆಸರು ಆ ಪಟ್ಟಿಯಲ್ಲಿ ಇರಬೇಕಲ್ಲ.

ಸಾವಿರ ರೂಪಾಯಿಗೆ ಏನು ಬರುತ್ತದೆ ಅಂತ ಕೇಳುವವರು ನಮ್ಮ ಮನೆಗೆ ಬನ್ನಿ. ಅಪ್ಪ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಬಾಯ್ಲರ್‌ಗೆ ಭತ್ತದ ಹೊಟ್ಟು ಹಾಕುತ್ತಾ ಜೀವನ ಕಳೆದರು. ಪಿಎಫ್ ಇರಲಿಲ್ಲ, ಕೇಳಬೇಕು ಅಂತಲೂ ಅವರಿಗೆ ಗೊತ್ತಿರಲಿಲ್ಲ. ಈಗ ಅವರದು ಅಂತ ಬರುವುದು ಸರ್ಕಾರದ ವೃದ್ಧಾಪ್ಯ ಪಿಂಚಣಿ ಸಂಧ್ಯಾ ಸುರಕ್ಷಾದ 1,200 ಮಾತ್ರ. ಬಿಪಿ ಮಾತ್ರೆ ಮುಗಿದರೂ ಬಾಯಿಬಿಟ್ಟು ಹೇಳುವುದಿಲ್ಲ. ಖಾಲಿ ಸ್ಟ್ರಿಪ್ ದಿಂಬಿನ ಕೆಳಗೆ ಇಟ್ಟುಕೊಂಡು ನನ್ನ ಸಂಬಳದ ತಾರೀಖು ಕಾಯುತ್ತಾರೆ. ನಾನು ಬೇಡ ಅನ್ನುವ ಮಗಳಲ್ಲ, ಅದು ಅವರಿಗೂ ಗೊತ್ತು. ಆದರೂ ಕೇಳುವುದಿಲ್ಲ. ಜೀವನಪೂರ್ತಿ ತಾನೇ ಕೊಟ್ಟು ಅಭ್ಯಾಸ ಇರುವ ಮನುಷ್ಯ ಕೈಚಾಚಲು ಎಷ್ಟು ಸಂಕಟಪಡುತ್ತಾನೆ ಅಂತ ನಾನು ಮನೆಯಲ್ಲೇ ದಿನಾ ನೋಡುತ್ತಿದ್ದೇನೆ. ಅಪ್ಪನಿಗೆ ಆ ದಾರಿ ಇರಲೇ ಇಲ್ಲ. ಇವರಿಗೆ ಇದೆ, ಕೈಯಾರೆ ಮುಚ್ಚಿಕೊಳ್ಳುತ್ತಿದ್ದಾರೆ. ನನಗೆ ತಡೆಯಲಾಗದೇ ಇರುವುದು ಅದೇ.

2025ರ ಅಕ್ಟೋಬರ್‌ನಲ್ಲಿ ಪಿಎಫ್ ಟ್ರಸ್ಟಿಗಳ ಮಂಡಳಿ ಒಂದು ತೀರ್ಮಾನ ಮಾಡಿತು. ಖಾತೆಯ ಕಾಲು ಭಾಗ ಉಳಿಸಲೇಬೇಕು, ಕೆಲಸ ಹೋದವರು ಪೂರ್ತಿ ತೆಗೆಯಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು ಕಾಯಬೇಕು, ಪಿಂಚಣಿ ಪಾಲಿಗಾದರೆ ಮೂವತ್ತಾರು ತಿಂಗಳು. ಎಲ್ಲರೂ ಬೈದರು. ನಮ್ಮ ರೊಕ್ಕ ನಮಗೇ ಕೊಡುವುದಿಲ್ಲವಂತೆ ಅಂತ ವಾಟ್ಸಾಪ್ ತುಂಬಾ ಅದೇ. ಮುಕ್ಕಾಲು ಭಾಗ ಕೂಡಲೇ ತೆಗೆಯಬಹುದು ಅನ್ನುವುದನ್ನು ಯಾರೂ ಹೇಳಲಿಲ್ಲ. ನೀವು ಏನೇ ಅನ್ನಿ, ಮೂವತ್ತಾರು ತಿಂಗಳು ಅನ್ನುವುದನ್ನು ಓದಿದಾಗ ನನಗೆ ಖುಷಿಯಾಯಿತು. ಅಷ್ಟರಲ್ಲಿ ಬಹಳ ಜನರಿಗೆ ಮತ್ತೆ ಕೆಲಸ ಸಿಕ್ಕಿರುತ್ತದೆ, ವರ್ಷಗಳು ಉಳಿದಿರುತ್ತವೆ. ಆದರೆ ಆ ಸುದ್ದಿಯನ್ನೇ ಬೋರ್ಡ್ ಮಾಡಿ ಹೆದರಿಸಿ ಅಂಗಡಿಯವರು ವ್ಯಾಪಾರ ಮಾಡುತ್ತಿದ್ದಾರೆ.

ಬಳ್ಳಾರಿಯ ಗೆಳತಿಯರು ಕೇಳುತ್ತೀರಿ, ಜೀನ್ಸ್ ಹೊಲಿಯುವ ನಮಗೆ ಪಿಎಫ್ ಎಲ್ಲಿದೆ ಅಂತ. ಇಪ್ಪತ್ತು ಜನಕ್ಕಿಂತ ಕಡಿಮೆ ಇರುವ ಯೂನಿಟ್, ಪೀಸ್ ಲೆಕ್ಕದ ಕೂಲಿ, ಅಲ್ಲಿ ಇದು ಸಿಗುವುದು ಕಷ್ಟ. ಇನ್‌ಕಮ್ ಟ್ಯಾಕ್ಸ್ ಕಟ್ಟದವರಿಗೆ ಬ್ಯಾಂಕಿನಲ್ಲಿ ಅಟಲ್ ಪಿಂಚಣಿ ಯೋಜನೆ ಇದೆ, 18ರಿಂದ 40 ವಯಸ್ಸಿನವರು ಸೇರಬಹುದು. ಅರವತ್ತಕ್ಕೆ ತಿಂಗಳಿಗೆ 5,000 ಬೇಕೆಂದರೆ ಇಪ್ಪತ್ತೈದರಲ್ಲಿ ಸೇರಿದವರಿಗೆ ಕಂತು 376 ರೂಪಾಯಿ, ಮೂವತ್ತೈದರಲ್ಲಿ ಸೇರಿದವರಿಗೆ 902. ತಡ ಮಾಡಿದಷ್ಟೂ ಭಾರ ಜಾಸ್ತಿ. ಅದರ ಬಗ್ಗೆ ಬೇರೆ ಬರೆಯುತ್ತೇನೆ.

ಬರುವ ತಿಂಗಳು ನಮ್ಮಲ್ಲೂ ಒಂದು ಗುತ್ತಿಗೆ ಮುಗಿಯುತ್ತದೆ. ನಮ್ಮ ಹುಡುಗರು ಇದನ್ನು ಓದುತ್ತಿದ್ದರೆ ಕೇಳಿ. ಹೊಸಬರ ಹತ್ತಿರ ಮೊದಲ ದಿನವೇ ಹಳೇ ಯುಎಎನ್ ನಂಬರ್ ಕೊಡಿ, ಹೊಸದು ಮಾಡಿಸಬೇಡಿ. ಹಳೇ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಖು ಸರಿಯಾಗಿ ಬಿದ್ದಿದೆಯಾ ನೋಡಿ, ಆಮೇಲೆ ವರ್ಗಾವಣೆಗೆ ಅರ್ಜಿ ಹಾಕಿ. ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಒಂದು ಹೆಸರು ಇದ್ದರೆ ಈಗಲೇ ಸರಿ ಮಾಡಿಸಿ. ನಾಮಿನಿ ಹಾಕಿಲ್ಲದವರು ಹೆಂಡತಿ ಮಕ್ಕಳ ಹೆಸರು ಹಾಕಿ. ಗೊತ್ತಾಗದಿದ್ದರೆ ಭಾನುವಾರ ನಮ್ಮ ಮನೆಗೆ ಬನ್ನಿ, ಆಧಾರ್‌ಗೆ ಲಿಂಕ್ ಆಗಿರುವ ಫೋನ್ ತನ್ನಿ, ನಾನೇ ಕೂತು ಮಾಡಿಕೊಡುತ್ತೇನೆ. ದುಡ್ಡು ಬೇಡ. ಯಾರಿಗಾದರೂ ಎಂಟು ಒಂಬತ್ತು ವರ್ಷ ಆಗಿದ್ದು, 10ಸಿ ಹಾಕಬೇಕು ಅಂತಿದ್ದರೆ ಅಂಗಡಿಗೆ ಹೋಗುವ ಮುಂಚೆ ಒಮ್ಮೆ ನನಗೆ ಫೋನ್ ಮಾಡಿ, ರಾತ್ರಿಯಾದರೂ ಪರವಾಗಿಲ್ಲ.