ಪರೋಕ್ಷ ಕೆಮ್ಮು

ಬಳ್ಳಾರಿಗೆ ಇನ್ನೊಂದು ವಿಶೇಷ ಅಭಿವೃದ್ಧಿ ವಲಯ ಬೇಕು ಅಂತ ಯಾರಾದರೂ ಕೂಗೆತ್ತಿದರೆ ಮೊದಲು ಕೈ ಎತ್ತುವವನು ನಾನೇ. ಈಗ ನಮಗೆ ಇರುವುದಾದರೂ ಏನು ಮಹಾ? ಸಂವಿಧಾನದ 371ಜೆ ವಿಧಿಯ ಹೆಸರಲ್ಲಿ ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿ ಇದೆ. ಗಣಿಬಾಧಿತ ಊರುಗಳಿಗೆ ಖರ್ಚು ಮಾಡಲೆಂದು 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಗಣಿಬಾಧಿತ ನಾಲ್ಕು ಜಿಲ್ಲೆಗಳನ್ನು ಸರಿಮಾಡಲು ಸುಮಾರು 25 ಸಾವಿರ ಕೋಟಿಯ ಯೋಜನೆ ಹಿಡಿದ ನಿಗಮ ಬೇರೆ. ಬರೀ ಮೂರು! ತಾಲ್ಲೂಕಿಗೊಂದಾದರೂ ಬೇಡವಾ?

ಇದರಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಖನಿಜ ಪ್ರತಿಷ್ಠಾನದ ಲೆಕ್ಕ. ಹಳೆ ಗುತ್ತಿಗೆಯವರು ರಾಜಧನದ (ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯ) ಶೇ. 30ರಷ್ಟು, ಹರಾಜಿನಲ್ಲಿ ಗಣಿ ಹಿಡಿದವರು ಶೇ. 10ರಷ್ಟು ಇಲ್ಲಿಗೆ ಕಟ್ಟಬೇಕು. ದುಡ್ಡು ಬರುವುದು ಹೀಗೆ. ಯಾವ ಊರಿಗೆ ಹೋಗಬೇಕು ಅನ್ನುವುದನ್ನು ಟೇಪು ಹಿಡಿದು ಅಳೆಯುತ್ತಾರೆ. 2024ರ ಮಾರ್ಗಸೂಚಿ ಪ್ರಕಾರ ಗಣಿಯಿಂದ 15 ಕಿ.ಮೀ. ಒಳಗಿದ್ದರೆ ನೇರ ಬಾಧಿತ. 25ರ ಒಳಗಿದ್ದರೆ ಪರೋಕ್ಷ ಬಾಧಿತ.

ಪಾಪ, ಧೂಳು ಮಾರ್ಗಸೂಚಿ ಓದಿಲ್ಲ. ಸಂಡೂರಿನ ಗುಡ್ಡದಿಂದ ಅದಿರಿನ ಲಾರಿ ಟಾರ್ಪಾಲು ಹೊದ್ದು ಹೊರಡುತ್ತದೆ. ಟಾರ್ಪಾಲಿನ ಒಂದು ಮೂಲೆಯ ಹಗ್ಗ ಬಿಚ್ಚಿ ದಾರಿಯುದ್ದಕ್ಕೂ ಪಟಪಟ ಅನ್ನುತ್ತಿರುತ್ತದೆ. ರಸ್ತೆ ಪಕ್ಕ ಮಿರ್ಚಿ ಕರಿಯುವ ಅಕ್ಕ ಹಾರ್ನ್ ಕೇಳಿದ ತಕ್ಷಣ ಒಗ್ಗರಣೆ ಮಂಡಕ್ಕಿ ಮೇಲೆ ತಟ್ಟೆ ಮುಚ್ಚುತ್ತಾಳೆ. ತೆಗೆದಾಗ ತಟ್ಟೆಯ ಬೆನ್ನು ಕೆಂಪು. 14ನೇ ಕಿ.ಮೀ.ನಲ್ಲಿ ಮಗು ಕೆಮ್ಮಿದರೆ ಅದು ನೇರ ಕೆಮ್ಮು, ಅನುದಾನ ಉಂಟು. 16ರಲ್ಲಿ ಕೆಮ್ಮಿದರೆ ಪರೋಕ್ಷ ಕೆಮ್ಮು, ಸಾಲಿನಲ್ಲಿ ಹಿಂದೆ ನಿಲ್ಲಬೇಕು. 26ರಲ್ಲಿ ಕೆಮ್ಮುವುದು ಸುಮ್ನೆ ಹಟಕ್ಕೆ. ಸಿರಪ್ಪಿನ ದುಡ್ಡು ಅಪ್ಪನದೇ.

ಹೀಗೇ ಬಿಟ್ಟರೆ 17ನೇ ಕಿ.ಮೀ. ಊರಿನವರು ಒಂದಿನ ಅರ್ಜಿ ಹಿಡಿದು ನಿಲ್ಲುತ್ತಾರೆ: ‘ಸಾಹೇಬ್ರೇ, ಊರು ಸರ್ಸಾಕ ಆಗಂಗಿಲ್ಲ. ಗಣಿನಾರ ಎಲ್ಡು ಕಿಲೋಮೀಟರ್ ಈ ಕಡೆ ತರಸ್ರಿ.’

ಅದಕ್ಕೇ ನಾಲ್ಕನೇ ವಲಯ ಬೇಗ ಆಗಲಿ. ಅಧ್ಯಕ್ಷರಿಗೊಂದು ಕಾರು, ಸದಸ್ಯರಿಗೊಂದು ಅಧ್ಯಯನ ಪ್ರವಾಸ, ಊರಿಗೊಂದು ಸ್ವಾಗತ ಕಮಾನು. ಮೊದಲಿನ ಮೂರರ ದುಡ್ಡು ಯಾಕೆ ಖರ್ಚಾಗಿಲ್ಲ ಅಂತ ನೋಡಲು ಒಂದು ಉಪಸಮಿತಿಯೂ ಇರಲಿ, ಅದಕ್ಕೂ ಕಾರು ಬೇಕಾಗುತ್ತೆ ಅಲ್ವಾ. ಕಚೇರಿ ಮಾತ್ರ ಗಣಿಯಿಂದ 25 ಕಿ.ಮೀ. ಆಚೆಗೇ ಕಟ್ಟಬೇಕು, ಏಸಿಗೆ ಧೂಳು ಆಗಿಬರಲ್ಲ. ಫೈಲುಗಳ ಮೇಲೆ ಈಗಾಗಲೇ ಕೂತಿರುವ ಧೂಳಿನ ಬಗ್ಗೆ ಯಾರೂ ಚಿಂತಿಸಬೇಕಾಗಿಲ್ಲ. ಅದು ಗಣಿಯದ್ದಲ್ಲ.