ಕೋಲಾರದ ಕೆರೆಗೆ ಬೆಂಗಳೂರು ಬಳಸಿ ಬಿಟ್ಟ ನೀರು

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆ ಕೆ.ಸಿ. ವ್ಯಾಲಿ. ಅದರ ಮಾತು ಬಂದಾಗಲೆಲ್ಲ ಎರಡೇ ಪಕ್ಷ. ವಿಷ ಅನ್ನುವವರು, ಅಮೃತ ಅನ್ನುವವರು. ಲೆಕ್ಕ ಹಾಕುವವರು ಕಮ್ಮಿ.

ಯೋಜನೆಯ ಪ್ರಮಾಣ 440 ಎಂಎಲ್‌ಡಿ, ಅಂದರೆ ದಿನಕ್ಕೆ 44 ಕೋಟಿ ಲೀಟರ್. ಪೂರ್ತಿ ಹರಿದರೆ ವರ್ಷಕ್ಕೆ ಸುಮಾರು 5.7 ಟಿಎಂಸಿ. 2018ರ ಕಾವೇರಿ ತೀರ್ಪಿನಲ್ಲಿ ಬೆಂಗಳೂರಿಗೆ ಹೆಚ್ಚುವರಿಯಾಗಿ ಸಿಕ್ಕಿದ್ದೇ 4.75 ಟಿಎಂಸಿ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ಇಷ್ಟು ನೀರನ್ನು ಬೇಡ ಅನ್ನಲಾಗದು. ನನ್ನ ತಕರಾರು ನೀರಿನ ಮೇಲಲ್ಲ, ಅದನ್ನು ಎರಡನೇ ಹಂತದ ಶುದ್ಧೀಕರಣಕ್ಕೇ ನಿಲ್ಲಿಸಿ ಕಳಿಸುವುದರ ಮೇಲೆ. ಆ ಹಂತದಲ್ಲಿ ಕೊಳಕು ಬಹುಪಾಲು ಹೋಗುತ್ತದೆ, ಸಾರಜನಕ ಮತ್ತು ರಂಜಕ ಸಾಕಷ್ಟು ಉಳಿಯುತ್ತವೆ. ಪಾಚಿ, ಜೊಂಡು ಬೆಳೆಯುವುದು ಇವುಗಳಿಂದಲೇ. 2018ರ ಜುಲೈನಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದು, ಹೈಕೋರ್ಟ್ ತಡೆ ಕೊಟ್ಟಿದ್ದು ನೆನಪಿರಬಹುದು. ಸಾರಜನಕ, ರಂಜಕವನ್ನೂ ತೆಗೆಯುವ ಮೂರನೇ ಹಂತದ ಖರ್ಚು ನಗರದ್ದು. ಕೊಳೆ ಮಾಡಿದವರೇ ತೊಳೆಯಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಯಾರೂ ಎತ್ತದ ಇನ್ನೊಂದು ಪ್ರಶ್ನೆ ಹೂಳಿನದು. ಈ ನೀರು ಇಂಗುವುದಕ್ಕೆ ಬಿಟ್ಟಿದ್ದು, ಮೋಟರ್ ಇಟ್ಟು ಎತ್ತುವುದಕ್ಕಲ್ಲ. ಆದರೆ ಕೆರೆ ತಳದ ಜೇಡಿಯ ಮೇಲೆ ಸತ್ತ ಪಾಚಿ ಪದರ ಪದರವಾಗಿ ಕೂತರೆ ಇಂಗುವುದು ನಿಧಾನವಾಗುತ್ತದೆ, ನೀರು ಬಿಸಿಲಿಗೆ ಆವಿಯಾಗುತ್ತದೆ. ಮೊದಲಾದರೆ ಬೇಸಿಗೆಯಲ್ಲಿ ಕೆರೆ ಒಣಗಿದಾಗ ರೈತರು ಗೋಡು, ಅಂದರೆ ಕೆರೆಯ ಹೂಳು ಮಣ್ಣು, ಹೊಲಕ್ಕೆ ಹೊಡೆಯುತ್ತಿದ್ದರು. ಹನ್ನೆರಡು ತಿಂಗಳೂ ತುಂಬಿದ ಕೆರೆಯಲ್ಲಿ ಅದಕ್ಕೆ ಎಡೆಯೇ ಇಲ್ಲ, ಮಳೆ ನೀರಿಗೂ ಜಾಗ ಉಳಿಯುವುದಿಲ್ಲ. ಸರದಿಯ ಮೇಲೆ ಒಂದೊಂದು ಕೆರೆಗೆ ಬೇಸಿಗೆಯಲ್ಲಿ ನೀರು ನಿಲ್ಲಿಸಿ ಹೂಳೆತ್ತಿಸಲೇಬೇಕು.

ಕೆರೆ ತುಂಬಿತೆಂದು ಭತ್ತ ನಾಟಿ ಮಾಡುವವರಿಗೂ ಒಂದು ಮಾತು. ಒಂದು ಬೆಳೆಗೆ 1,200 ಮಿ.ಮೀ. ಆಳದಷ್ಟು ನೀರು ಅಂದುಕೊಂಡರೆ ಎಕರೆಗೆ 48 ಲಕ್ಷ ಲೀಟರ್ ಬೇಕು. ತಲೆಗೆ ದಿನಕ್ಕೆ 135 ಲೀಟರ್‌ನಂತೆ ನಗರದ ನೂರು ಜನರ ವರ್ಷದ ಬಳಕೆ ಅದು. ನಗರದ ಕಡೆ ಬೆರಳು ತೋರಿಸುವ ಮುಂಚೆ ಈ ಲೆಕ್ಕ ನಮಗೂ ಗೊತ್ತಿರಲಿ.

ಕೆರೆ ನೀರಿನ ಸಾರಜನಕ ನೈಟ್ರೇಟ್ ರೂಪದಲ್ಲಿ ಇಂಗಿ ಬೋರ್‌ವೆಲ್‌ಗೂ ಇಳಿಯಬಹುದು. ಹಾಗಾಗಿ ಕೆರೆ ಏರಿಯ ಹಿಂದಿನ ಬೋರ್‌ವೆಲ್ ನೀರಿನ ನೈಟ್ರೇಟ್ ಪರೀಕ್ಷೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ಮಾಡಿಸಿ. ಮೋಟರ್ ಹದಿನೈದು ನಿಮಿಷ ಓಡಲಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ಕಂಠಪೂರ್ತಿ ತುಂಬಿಸಿ, ಐಸ್ ಮೇಲಿಟ್ಟು ಅವತ್ತೇ ಲ್ಯಾಬಿಗೆ ಕೊಡಿ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿ ಬೇರೆ, ಲ್ಯಾಬಿನವರೇ ಕೊಡುತ್ತಾರೆ, ಅದನ್ನು ತೊಳೆಯಬೇಡಿ. ನೈಟ್ರೇಟ್ ಲೀಟರಿಗೆ 45 ಮಿ.ಗ್ರಾಂ ದಾಟಿದರೆ ಕುಡಿಯಲು ಬೇಡ, ಹಸುಗೂಸಿಗಂತೂ ಬೇಡವೇ ಬೇಡ. ಕುದಿಸಿದರೆ ನೈಟ್ರೇಟ್ ಹೋಗದು, ನೀರು ಬತ್ತಿ ಇನ್ನೂ ಗಟ್ಟಿಯಾಗುತ್ತದೆ.

ಟೊಮೆಟೊಗೆ ಡ್ರಿಪ್‌ನಲ್ಲಿ ಎಕರೆಗೆ 20 ಲಕ್ಷ ಲೀಟರ್ ಹರಿಸುವವರು ಗಮನಿಸಿ: 45ರ ಮಟ್ಟದ ನೀರಿನಲ್ಲಿ ಅಷ್ಟರಲ್ಲೇ 20 ಕಿಲೋ ಸಾರಜನಕ ಬಂದಿರುತ್ತದೆ. ಅದು 45 ಕಿಲೋದ ಒಂದು ಮೂಟೆ ಯೂರಿಯಾಕ್ಕೆ ಹತ್ತಿರ ಹತ್ತಿರ ಸಮ. ಇದರ ಮೇಲೆ ಪೂರ್ತಿ ಗೊಬ್ಬರ ಕೊಟ್ಟರೆ ಗಿಡ ಸೊಪ್ಪಾಗಿ ಬೆಳೆದು ಹೂವು ತಡವಾಗುತ್ತದೆ. ಮಣ್ಣು ಪರೀಕ್ಷೆ ಚೀಟಿಯಲ್ಲಿ ಬರೆದ ಯೂರಿಯಾದಿಂದ ಆ ಮೂಟೆಯನ್ನು ಕಳೆದುಕೊಳ್ಳಿ.