ಮನಸ್ಸಿಲಾಯೋ ಮಾಷ್ಟ್ರೇ?

ನಮ್ಮ ಕಾಸರಗೋಡಿನಲ್ಲಿ ಮತಗಟ್ಟೆ ಕೆಲಸದ ಚುನಾವಣಾ ತರಬೇತಿಗೆ ಚಕ್ಕರ್ ಹೊಡೆದವರಿಗೆ ಕಾರಣ ಕೇಳಿ ನೋಟಿಸ್ ಹೋದ ಸುದ್ದಿ ನೀವೂ ಓದಿರುತ್ತೀರಿ. ಲೋಕಸಭೆ, ಪಂಚಾಯತ್, ವಿಧಾನಸಭೆ ಅಂತ ಸರದಿಯಲ್ಲಿ ಬರುವ ಚುನಾವಣೆಗಳ ಜೊತೆಗೆ ಈ ಸುದ್ದಿಯೂ ಸರದಿಯಲ್ಲೇ ಬರುತ್ತದೆ. ಪತ್ರಿಕೆಯವರು ತಾರೀಕು ಮಾತ್ರ ಬದಲಿಸಿ ಹಳೆಯದನ್ನೇ ಹಾಕಿದರೂ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಕೊನೆಯ ಸಾಲು ಖಾಯಂ: 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಕಠಿಣ ಕ್ರಮ. ಆ ಸೆಕ್ಷನ್ ಬಿಡಿಸಿ ನೋಡಿದರೆ ದಂಡ ಹೆಚ್ಚೆಂದರೆ 500 ರೂಪಾಯಿ. ಮೀನು ಮಾರ್ಕೆಟಿನಲ್ಲಿ ಒಂದು ಕಿಲೋ ಅಂಜಲ್ ಕೂಡ ಬರುವುದಿಲ್ಲ. ಆದರೂ ನಮ್ಮ ಮಾಷ್ಟ್ರು, ಟೀಚರುಗಳು ಹೆದರುತ್ತಾರೆ. ಅವರು ಹೆದರುವುದು ದಂಡಕ್ಕಲ್ಲ, ಸರ್ವಿಸ್ ಬುಕ್ಕಿಗೆ.

ಹಾಗಾಗಿ ಬರುತ್ತಾರೆ. ಸಭಾಂಗಣ ತುಂಬುತ್ತದೆ, ಫ್ಯಾನ್ ತಿರುಗುತ್ತದೆ, ಪರದೆಯ ಮೇಲೆ ಸ್ಲೈಡ್ ಓಡುತ್ತದೆ. ಪೈವಳಿಕೆ, ಎಣ್ಮಕಜೆ, ಬದಿಯಡ್ಕ ಕಡೆಯ ಕನ್ನಡ ಮಾಧ್ಯಮದ ಶಾಲೆಗಳಿಂದ ಬಂದವರು ಹಿಂದಿನ ಸಾಲು ಹಿಡಿಯುತ್ತಾರೆ. ತರಬೇತಿ ಮಲಯಾಳದಲ್ಲಿ. 'ಬಟನ್ ಞೆಕ್ಕಣಂ' ಎನ್ನುತ್ತಾರೆ ತರಬೇತುದಾರರು. ಬಟನ್ ಒತ್ತಬೇಕು ಅಂತ ಅರ್ಥ. ಕನ್ನಡ ವರ್ಣಮಾಲೆಯಲ್ಲಿ ಒಂದು ಕೆಲಸವೂ ಇಲ್ಲದೆ ಸಂಬಳ ತಿನ್ನುತ್ತಿದ್ದ ಞ ಅಕ್ಷರಕ್ಕೆ ಕೊನೆಗೂ ಇಲೆಕ್ಷನ್ ಡ್ಯೂಟಿ ಬಿತ್ತು ನೋಡಿ. ಎರಡು ಸ್ಲೈಡಿಗೊಮ್ಮೆ ಒಂದು ಪ್ರಶ್ನೆ ಹಿಂದಿನ ಸಾಲಿನವರೆಗೂ ಬರುತ್ತದೆ: 'ಮನಸ್ಸಿಲಾಯೋ?' ಅರ್ಥ ಆಯಿತೋ ಅಂತ. ಹಿಂದಿನ ಸಾಲಿಗೆ ಕೇಳುವುದು 'ಮನಸ್ಸಿಲ್ಲವೋ?' ಇಲ್ಲ ಸಾರ್, ಎಳ್ಳಷ್ಟೂ ಇಲ್ಲ. ಪ್ರಶ್ನೆ ಒಂದು, ಉತ್ತರ ಇನ್ನೊಂದು, ತಲೆಯಾಡಿಸುವುದು ಮಾತ್ರ ಒಂದೇ ರೀತಿ. ಹಾಜರಿಗೆ ಸಹಿ ಹಾಕಿದರೆ ತರಬೇತಿ ಆದಂತೆ.

ಇಷ್ಟು ಹೊತ್ತು ಕೈಗೂ ಸಿಗದೆ ಮೇಜಿನ ಮೇಲೆ ಕೂತಿರುವ ಯಂತ್ರದ ಜಾತಕ ಸ್ವಲ್ಪ ನೋಡಿ. ಈ ಮತಯಂತ್ರ ತಯಾರಿಸುವುದು ಎರಡೇ ಕಂಪನಿ, ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್. ಬೆರಳಿಗೆ ಹಚ್ಚುವ ಶಾಯಿ ಬರುವುದು ಮೈಸೂರಿನ ಬಣ್ಣದ ಕಾರ್ಖಾನೆಯಿಂದ, 1962ರಿಂದಲೂ ಅಲ್ಲಿಂದಲೇ. ಅಂದರೆ ಶಾಯಿ ಕರ್ನಾಟಕದ ಗಡಿಯ ತಲಪಾಡಿ ದಾಟಿ ಕಾಸರಗೋಡಿಗೆ ಬರಬಹುದು, ಸುಳ್ಯದಾಚೆಯಿಂದಲೂ ಬರಬಹುದು. ತಲಪಾಡಿಯ ಆಚೆ ಅದೇ ಚುನಾವಣಾ ಆಯೋಗ ಅದೇ ಯಂತ್ರದ ಬಗ್ಗೆ ಕನ್ನಡದಲ್ಲೇ ಕೈಪಿಡಿ ಕೊಡುತ್ತದೆ, 'ಮತಗಟ್ಟೆ ಅಧ್ಯಕ್ಷಾಧಿಕಾರಿ' ಅಂತ ಬಾಯಿ ತುಂಬ ಕರೆಯುತ್ತದೆ. ಗಡಿ ದಾಟಲು ಆಗದ್ದು ಆ ಕೈಪಿಡಿಗೆ ಮಾತ್ರ. ಶಾಯಿಗೆ ಭಾಷೆ ಇಲ್ಲವಲ್ಲ, ಹಾಗಾಗಿ ಚೆಕ್‌ಪೋಸ್ಟಿನಲ್ಲಿ ಬಿಡುತ್ತಾರೆ.

ಶಾಯಿಯ ವಿಷಯ ಬಂತು, ಹೇಳಿಯೇ ಮುಂದೆ ಹೋಗುವ. ಇಡೀ ತರಬೇತಿಯಲ್ಲಿ ಅತ್ಯಂತ ಮಾನವೀಯವಾದ ಭಾಗ ಇದು. ಶಾಯಿ ಬಾಟಲಿ ಸಣ್ಣದು, ತಳ ಸಪೂರ, ತೆರೆದಿಟ್ಟರೆ ಉರುಳುತ್ತದೆ. ಅದಕ್ಕೇ ಅಗಲ ತಳದ ಒಂದು ಕಪ್ಪೋ ಖಾಲಿ ಡಬ್ಬಿಯೋ ತೆಗೆದುಕೊಂಡು, ಅದರಲ್ಲಿ ಮರಳು ಅಥವಾ ಸಡಿಲ ಮಣ್ಣು ತುಂಬಿ, ಬಾಟಲಿಯನ್ನು ಮುಕ್ಕಾಲು ಭಾಗ ಹೂತಿಡಬೇಕು. ಮತದ ಚೀಟಿ ಮುದ್ರಿಸಿ ತೋರಿಸುವ ವಿವಿಪ್ಯಾಟ್ ಯುಗದಲ್ಲೂ ಪ್ರಜಾಪ್ರಭುತ್ವ ನೆಟ್ಟಗೆ ನಿಂತಿರುವುದು ಒಂದು ಹಿಡಿ ಮರಳಿನ ಮೇಲೆ. ಕುಂಬಳೆ ಹೊಳೆ ಬದಿಯ ಬೂತಾದರೆ ಅಧಿಕಾರಿಗಳು ಎಚ್ಚರಿಕೆಯಿಂದಿರಬೇಕು. ರಾತ್ರಿ ಹೊತ್ತು ಕೈಯಲ್ಲಿ ಮರಳಿನ ಡಬ್ಬಿ ಹಿಡಿದು ನಡೆದರೆ ಪೊಲೀಸರು ಪಾಸ್ ಎಲ್ಲಿ ಅಂತ ಕೇಳುವ ಊರು ಇದು. ಜೊತೆಗೆ ಒಂದು ತುಂಡು ಬಟ್ಟೆಯೂ ಕೊಡುತ್ತಾರೆ. ಶಾಯಿ ಹಿಡಿಯದಿರಲಿ ಅಂತ ಯಾರಾದರೂ ಬೆರಳಿಗೆ ಎಣ್ಣೆ ಸವರಿಕೊಂಡು ಬಂದರೆ ಮೊದಲು ಉಜ್ಜಿ ಒರೆಸಲಿಕ್ಕೆ. ತಲೆಯಿಂದ ಪಾದದ ತನಕ ತೆಂಗಿನೆಣ್ಣೆಯಲ್ಲೇ ಮೀಯುವ ನಮ್ಮ ಕಡೆಯಲ್ಲಿ ಯಾರು ಕಳ್ಳಮತದಾರ, ಯಾರು ಬರೀ ಅಭ್ಯಂಜನ ಮಾಡಿ ಬಂದವನು ಅಂತ ಗುರುತಿಸುವುದು ಹೇಗೆ ಎಂಬುದಕ್ಕೆ ಸ್ಲೈಡ್ ಇಲ್ಲ. ಎಡಗೈ ತೋರುಬೆರಳು, ಉಗುರಿನ ತುದಿಯಿಂದ ಮೊದಲ ಗಿಣ್ಣಿನ ತನಕ ಒಂದು ಗೀಟು. ಮರುಮತದಾನವಾದರೆ ಎಡಗೈ ನಡುಬೆರಳು. ಕಣ್ಣು ಕಾಣದವರ ಜೊತೆ ಬಂದು ಅವರ ಪರವಾಗಿ ಒತ್ತುವವನಿಗೆ ಬಲಗೈ ತೋರುಬೆರಳು. ಈ ಮೂರು ಬೆರಳಿನ ಲೆಕ್ಕ ಎಷ್ಟು ಮುಖ್ಯ ಅಂತ ತಿಳಿಯದವರು 2019ರ ಲೋಕಸಭಾ ಚುನಾವಣೆ ನೆನಪಿಸಿಕೊಳ್ಳಬೇಕು. ಬೇರೆಯವರ ಪರವಾಗಿ ಒತ್ತುವ 'ಓಪನ್ ವೋಟು' ಅನ್ನುವ ಮುದ್ದಾದ ಹೆಸರಿನಲ್ಲಿ ಏನೇನು ನಡೆಯಿತು ಅಂತ ವೆಬ್‌ಕ್ಯಾಮೆರಾ ತೋರಿಸಿತು. ಕಾಸರಗೋಡು ಕ್ಷೇತ್ರದ ಪಿಲಾತ್ತರ ಕಡೆಯ ಬೂತುಗಳಲ್ಲಿ ಮೇ 19ಕ್ಕೆ ಮತ್ತೆ ಮತದಾನ ಆಯಿತು.

ಇರಲಿ, ಯಂತ್ರಕ್ಕೆ ಬರುವ. ಮತದಾರ ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್ಟಿನ ಕೇಬಲ್ ವಿವಿಪ್ಯಾಟಿಗೆ, ವಿವಿಪ್ಯಾಟಿನದ್ದು ಮತದ ಲೆಕ್ಕ ಇಡುವ ಕಂಟ್ರೋಲ್ ಯೂನಿಟ್ಟಿಗೆ. ಸಿಕ್ಕಿಸುವಾಗ ಕಂಟ್ರೋಲ್ ಯೂನಿಟ್ ಆಫ್ ಇರಬೇಕು. ವಿವಿಪ್ಯಾಟಿನ ಹಿಂದೆ ಒಂದು ತಿರುಗಣೆ ಉಂಟು. ಸಾಗಿಸುವಾಗ ಅಡ್ಡ, ಕೆಲಸಕ್ಕೆ ಉದ್ದ. ಅಡ್ಡ ಇದ್ದಂತೆಯೇ ಸ್ವಿಚ್ ಹಾಕಿ, ಯಂತ್ರ ಹಾಳು ಅಂತ ಸೆಕ್ಟರ್ ಆಫೀಸರಿಗೆ ಫೋನ್ ಹೊಡೆಯುವವರು ಪ್ರತಿ ಸಲ ಇರುತ್ತಾರೆ. ಕಿಟಕಿ ಎದುರು, ಟ್ಯೂಬ್‌ಲೈಟ್ ಕೆಳಗೆ ಇಡಬಾರದು, ನೇರ ಬೆಳಕು ಬಿದ್ದರೆ ಒಳಗಿನ ಸೆನ್ಸರ್ ಮುನಿಯುತ್ತದೆ. 2018ರ ಉಪಚುನಾವಣೆಗಳಲ್ಲಿ ಉತ್ತರದ ಕಡೆ ಯಂತ್ರಗಳು ಸಾಲಾಗಿ ಕೈಕೊಟ್ಟದ್ದು ಬೆಳಕಿಗೇ. ನಮ್ಮ ಶಾಲೆಗಳಲ್ಲೋ, ಕಿಟಕಿ ಎದುರು ಅಲ್ಲದಿದ್ದರೆ ಸೋರುವ ಹಂಚಿನ ಕೆಳಗೆ ಇಡಬೇಕು.

ಬೆಳಿಗ್ಗೆ ಐದೂವರೆಗೆ ಅಣಕು ಮತದಾನ. ಏಜೆಂಟರು ಬಾರದಿದ್ದರೆ ಹದಿನೈದು ನಿಮಿಷ ಕಾದು ಶುರು ಮಾಡುವುದು. ಕಡಿಮೆ ಅಂದರೆ 50 ಮತ, ನೋಟಾ ಸೇರಿ ಎಲ್ಲರಿಗೂ ಒಂದಾದರೂ. ಪ್ರತಿ ಚೀಟಿ ಏಳು ಸೆಕೆಂಡು ಗಾಜಿನಾಚೆ ಮುಖ ತೋರಿಸಿ ಬೀಳುತ್ತದೆ. ಮುಗಿದ ಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್. ಈ ಕ್ರಮದಲ್ಲೇ. ಆಮೇಲೆ ವಿವಿಪ್ಯಾಟಿನ ಹೊಟ್ಟೆಯಿಂದ ಆ ಚೀಟಿಗಳನ್ನು ತೆಗೆದು, ಎಣಿಸಿ, ತಾಳೆ ನೋಡಿ, ಒಂದೊಂದರ ಬೆನ್ನಿಗೂ ಅಣಕು ಮತದಾನದ ಮುದ್ರೆ ಒತ್ತಿ, ಕಪ್ಪು ಲಕೋಟೆಗೆ ತುಂಬಿ, ಲಕೋಟೆಯನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಡಬ್ಬಿಗೆ ಗುಲಾಬಿ ಕಾಗದದ ಸೀಲು. ಆಮೇಲೆ ಕಂಟ್ರೋಲ್ ಯೂನಿಟ್ಟಿಗೆ ಹಸಿರು ಕಾಗದದ ಸೀಲು, ಸ್ಪೆಷಲ್ ಟ್ಯಾಗ್, ಕೊನೆಗೆ ಎಬಿಸಿಡಿ ಅಂತ ಬರೆದ ಪಟ್ಟಿ. ಇಷ್ಟೆಲ್ಲ ಏಳು ಗಂಟೆಯೊಳಗೆ, ಚಹಾ ಕುಡಿಯದೆ, ಹಿಂದಿನ ರಾತ್ರಿ ಬೆಂಚಿನ ಮೇಲೆ ಮಲಗಿ ಎದ್ದ ಬೆನ್ನಿನಲ್ಲಿ.

ತಪ್ಪುವುದು ಎಲ್ಲಿ ಗೊತ್ತೋ? 'ಕ್ಲಿಯರ್' ಒತ್ತಲು ಮರೆಯುವುದರಲ್ಲಿ. ಮರೆತರೆ ಆ 50 ಸುಳ್ಳು ಮತ ಸಂಜೆಯ ಲೆಕ್ಕಕ್ಕೆ ಸೇರುತ್ತದೆ. ಬೇರೆ ಊರಿನವರಿಗೆ 50 ಅಂದರೆ ಏನೂ ಅಲ್ಲ. ಮಂಜೇಶ್ವರದವರಿಗೆ ಹೇಳಿ ನೋಡಿ! 2016ರ ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿ ಗೆಲುವಿನ ಅಂತರ 89. ಎರಡು ಬೂತಿನಲ್ಲಿ ಇಬ್ಬರು ಮಾಷ್ಟ್ರು ನಿದ್ದೆಗಣ್ಣಲ್ಲಿ ಒಂದು ಗುಂಡಿ ಮರೆತರೆ ಅದಕ್ಕಿಂತ ಹೆಚ್ಚು ಮತ ಗಾಳಿಯಲ್ಲಿ. ಅದಕ್ಕೇ ನಿಯಮ ಉಂಟು: ಅಂಥ ಬೂತಿನ ಯಂತ್ರವನ್ನು ಬದಿಗಿಟ್ಟು, ಅಲ್ಲಿನ ಒಟ್ಟು ಮತ ಗೆಲುವಿನ ಅಂತರದಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಚೀಟಿ ಎಣಿಸುತ್ತಾರೆ. 89ರ ಕೇಸು ಹೈಕೋರ್ಟಿಗೆ ಹೋಗಿ, ಸತ್ತವರು ಮತ ಹಾಕಿದ್ದಾರೆ ಎಂಬ ಪಟ್ಟಿಯಲ್ಲಿದ್ದವರಿಗೆ ಸಮನ್ಸ್ ಹೋಗಿ, ಸತ್ತವರೇ ಅದನ್ನು ಸಹಿ ಹಾಕಿ ಪಡೆದದ್ದು ನಿಮಗೆ ನೆನಪಿರಬೇಕು. 2024ರ ಏಪ್ರಿಲಿನಲ್ಲಂತೂ ಕಾಸರಗೋಡಿನ ಅಣಕು ಮತದಾನದಲ್ಲಿ ಯಂತ್ರ ಒಂದು ಚೀಟಿ ಹೆಚ್ಚು ಕಕ್ಕಿತು ಎಂಬ ಮಾತು ಸುಪ್ರೀಂ ಕೋರ್ಟನ್ನೇ ಮುಟ್ಟಿತು. ಆಯೋಗ ಅದು ಸುಳ್ಳು ಸುದ್ದಿ ಎಂದಿತು. ಕಾಸರಗೋಡಿನ ಹೆಸರು ದಿಲ್ಲಿಯಲ್ಲಿ ಕೇಳಿಬರಬೇಕಾದರೆ ಇಂಥದ್ದೇ ಏನಾದರೂ ಆಗಬೇಕು.

ಕೇರಳಕ್ಕೂ ಯಂತ್ರಕ್ಕೂ ನಂಟು ಹಳೆಯದು. ದೇಶದಲ್ಲೇ ಮೊದಲ ಸಲ ಮತಯಂತ್ರ ಇಟ್ಟದ್ದು 1982ರಲ್ಲಿ, ಪರವೂರಿನ 50 ಬೂತುಗಳಲ್ಲಿ. 123 ಮತಗಳಿಂದ ಒಬ್ಬರು ಗೆದ್ದರು. 1984ರಲ್ಲಿ ಸುಪ್ರೀಂ ಕೋರ್ಟು, ಕಾನೂನಿನಲ್ಲಿ ಯಂತ್ರ ಅನ್ನುವ ಪದವೇ ಇಲ್ಲವಲ್ಲ ಅಂತ ಆ ಬೂತುಗಳಲ್ಲಿ ಕಾಗದದಲ್ಲಿ ಮರುಮತದಾನ ಮಾಡಿಸಿತು. ಸೋತವರು ಗೆದ್ದರು. ಆ ಕಾಲದಲ್ಲಿ ಯಂತ್ರ ಇತ್ತು, ಕಾನೂನು ಇರಲಿಲ್ಲ. ಈಗ ಯಂತ್ರವೂ ಕಾನೂನೂ ಉಂಟು, ಅರ್ಥ ಆಗುವ ಹಾಗೆ ಹೇಳುವವರಿಲ್ಲ.

ಇನ್ನು ಡ್ಯೂಟಿ ಆರ್ಡರ್. ಇಲ್ಲಿ ಸಾಫ್ಟ್‌ವೇರ್ ಎಂಬ ದೈವದ ಪ್ರವೇಶ. ಸ್ವಂತ ಕ್ಷೇತ್ರದಲ್ಲಿ ಡ್ಯೂಟಿ ಕೊಡಬಾರದು, ಕಂಪ್ಯೂಟರಿನಲ್ಲಿ ಮೂರು ಸಲ ಕಲಸಿ ಹಂಚಬೇಕು. ನ್ಯಾಯವಾದ ವ್ಯವಸ್ಥೆ, ತಕರಾರಿಲ್ಲ. ಆದರೆ ಆ ದೈವಕ್ಕೆ ಭಾಷೆ ಅನ್ನುವ ಕಾಲಂ ಗೊತ್ತಿಲ್ಲ. ಹಾಗಾಗಿ ವರ್ಕಾಡಿಯ ಕನ್ನಡ ಟೀಚರ್ ತೃಕ್ಕರಿಪುರಕ್ಕೆ, ಚೆರುವತ್ತೂರಿನ ಮಲಯಾಳಿ ಮಾಷ್ ಪೈವಳಿಕೆಗೆ. ಸಪ್ತಭಾಷಾ ಸಂಗಮಭೂಮಿ ಅಂತ ಭಾಷಣದಲ್ಲಿ ಹೇಳುತ್ತೇವಲ್ಲ, ಆ ಸಂಗಮ ನಿಜವಾಗಿ ನಡೆಯುವುದು ಮೊದಲ ಪೋಲಿಂಗ್ ಆಫೀಸರನ ಮೇಜಿನ ಮುಂದೆ. ಅವನು ಹೆಸರು ಕೇಳಿ, ಪಟ್ಟಿಯಲ್ಲಿ ಹುಡುಕಿ, ಏಜೆಂಟರಿಗೆ ಕೇಳುವಂತೆ ಗಟ್ಟಿಯಾಗಿ ಓದಿ ಗೀಟು ಎಳೆಯಬೇಕು. ಎದುರು ತುಳು ಬಿಟ್ಟು ಬೇರೆ ಭಾಷೆ ಆಡದ ಅಜ್ಜಿ.

'ಪೇರೆಂದಾ ಅಮ್ಮಾ?'

ಹೆಸರೇನು ಅಂತ ಅವನ ಪ್ರಶ್ನೆ. ತುಳುವಿನಲ್ಲಿ ಪೇರ್ ಅಂದರೆ ಹಾಲು.

'ಪೇರ್ ಕಾಂಡೆನೇ ಸೊಸೈಟಿಗ್ ಕೊರಿಯೆ.' ಹಾಲು ಬೆಳಿಗ್ಗೆಯೇ ಸೊಸೈಟಿಗೆ ಕೊಟ್ಟಾಯ್ತು.

ಮಾಷ್ ಪಟ್ಟಿಯಲ್ಲಿ 'ಕೊರಿಯೆ' ಅನ್ನುವ ಹೆಸರು ಹುಡುಕುತ್ತಾನೆ. ಏಳರಿಂದ ಆರರ ತನಕ 11 ಗಂಟೆ. 900 ಮಂದಿ ಬಂದರೆ ಒಬ್ಬರಿಗೆ ಸಿಗುವುದು 44 ಸೆಕೆಂಡು, ಅದರಲ್ಲಿ ಏಳು ಸೆಕೆಂಡು ಚೀಟಿಗೇ ಹೋಯಿತು. ಹಾಲಿನ ಲೆಕ್ಕ ಮುಗಿಯುವಷ್ಟರಲ್ಲಿ ಹಿಂದಿನ ಮೂರು ಜನರ ಪಾಲು ಖರ್ಚು. ಕೊನೆಗೆ ಒಬ್ಬ ಏಜೆಂಟ್ ಎದ್ದು ದುಭಾಷಿಯಾಗುತ್ತಾನೆ. ಅಂದರೆ ಮತದಾರಳ ಗುರುತಿಗೆ ಆಕ್ಷೇಪ ಎತ್ತಲೆಂದು, ಎತ್ತಿದರೆ 2 ರೂಪಾಯಿ ಕಟ್ಟಲೆಂದು ಕೂತವನೇ ಅವಳ ಬಾಯಿ. ಯಾವ ಪಕ್ಷದ ಬಾಯಿ ಅಂತ ಕೇಳಬೇಡಿ.

ನಗುವುದಕ್ಕೆ ಇಷ್ಟು ಸಾಕು. ಆ ಅಜ್ಜಿ ಹೆಸರು ಹೇಳಲು ಬಾರದವಳಲ್ಲ, ಕೇಳುವವನಿಗೆ ಕೇಳಲು ಬಾರದು. ಅವನದ್ದೂ ತಪ್ಪಲ್ಲ, ಅವನಿಗೆ ಯಾರೂ ನಾಲ್ಕು ವಾಕ್ಯ ಕಲಿಸಲಿಲ್ಲ. ನಾಲ್ಕೇ ವಾಕ್ಯ: ಹೆಸರೇನು, ಕಾರ್ಡು ಕೊಡಿ, ಬೆರಳು ತೋರಿಸಿ, ಅಲ್ಲಿ ಹೋಗಿ ಒತ್ತಿ. ಕನ್ನಡದಲ್ಲಿ, ತುಳುವಿನಲ್ಲಿ ಒಂದು ಕಾಗದದ ಅರ್ಧ ಪುಟ. ಸೀಲಿಗೂ ಲಕೋಟೆಗೂ ಬಗೆಬಗೆಯ ಬಣ್ಣ ಹುಡುಕಿದ ತಲೆಗಳಿಗೆ ಅದು ಹೊಳೆಯಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಲ್ಲಿಯ ತನಕ ಎಷ್ಟು ಚುನಾವಣೆ ಆಯಿತು? ಕನ್ನಡದವರು ಇಲ್ಲಿ ಅಲ್ಪಸಂಖ್ಯಾತರು, ಅವರ ಭಾಷೆಗೆ ರಕ್ಷಣೆ ಉಂಟು ಅಂತ 1969ರ ಕಾಯ್ದೆಯಲ್ಲೇ ಬರೆದುಕೊಂಡು, ತರಬೇತಿ ದಿನ ಮಾತ್ರ ಆ ಕಾಯ್ದೆ ರಜೆಯಲ್ಲಿ. ಅರ್ಥವಾಗದ ತರಬೇತಿಯಲ್ಲಿ ಅರ್ಥವಾಯಿತು ಅಂತ ಸಹಿ ಹಾಕಿಸಿಕೊಂಡು, ಮತ್ತೆ ತಪ್ಪಾದರೆ 134. ಬೇಸರ ಬಂದುಹೋಗಿದೆ.

ಪಂಚಾಯತ್ ಚುನಾವಣೆಯದ್ದು ಬೇರೆಯೇ ರಾಮಾಯಣ, ಉದ್ದ ಬೇಡ. ಅದು ರಾಜ್ಯ ಆಯೋಗದ್ದು. ಅಲ್ಲಿ ಗ್ರಾಮಕ್ಕೆ ಬಿಳಿ, ಬ್ಲಾಕಿಗೆ ಗುಲಾಬಿ, ಜಿಲ್ಲೆಗೆ ನೀಲಿ, ಮೂರು ಬ್ಯಾಲೆಟ್ ಯೂನಿಟ್. ನೋಟಾ ಇಲ್ಲ, ವಿವಿಪ್ಯಾಟ್ ಇಲ್ಲ, ಮೂರಕ್ಕೂ ಮತ ಹಾಕಲು ಮನಸ್ಸಿಲ್ಲದವರಿಗೆ ಎಂಡ್ ಬಟನ್. ಅದನ್ನು ಮರೆತ ಮೇಲೆಯೇ ಇದನ್ನು ಕಲಿಯಬೇಕು. ಎಂಡ್ ಬಟನ್ ಎಲ್ಲಿ ಅಂತ ಮೊನ್ನೆ ಹುಡುಕುತ್ತಿದ್ದವರೇ ಈಗ ನೋಟಾ ಎಲ್ಲಿ ಅಂತ ಹುಡುಕುತ್ತಾರೆ.

ಊರಿಗೆಲ್ಲ ಮತ ಹಾಕಿಸುವ ಇವರ ಸ್ವಂತ ಮತದ ಕತೆ? ಬೇರೆ ಕ್ಷೇತ್ರದಲ್ಲಿ ಡ್ಯೂಟಿ, ಹಾಗಾಗಿ ಅಂಚೆಮತ. ಫಾರಂ 13ಎಯಲ್ಲಿ ಘೋಷಣೆ, ಅದಕ್ಕೆ ದೃಢೀಕರಣದ ಸಹಿ, 13ಬಿ ಒಳಲಕೋಟೆ, 13ಸಿ ಹೊರಲಕೋಟೆ. ಘೋಷಣೆ ಒಳಲಕೋಟೆಗೆ ಹೋದರೆ ಮತ ಅಸಿಂಧು. 2021ರಲ್ಲಿ ಪೆರಿಂದಲ್ಮಣ್ಣದಲ್ಲಿ ಗೆಲುವಿನ ಅಂತರ 38, ಕಾಗದಪತ್ರ ಸರಿಯಿಲ್ಲವೆಂದು ಎಣಿಸದೆ ಬಿಟ್ಟ ಅಂಚೆಮತ 348. ಕೇಸು ನಡೆಯುತ್ತಿರುವಾಗಲೇ ಪೆಟ್ಟಿಗೆಯೊಂದು ಖಜಾನೆಯಿಂದ ಕಾಣೆಯಾಗಿ ಸಹಕಾರ ಇಲಾಖೆಯ ಕಚೇರಿಯಲ್ಲಿ ಸಿಕ್ಕಿತು. ಎಬಿಸಿಡಿ ಪಟ್ಟಿ ಅಂಟಿಸಲು ಕಲಿಸಿದ್ದು ಯಾರಿಗೆ, ಪೆಟ್ಟಿಗೆ ಕಾಯಲು ಕಲಿಸಿದ್ದು ಯಾರಿಗೆ?

ಸಂಜೆ ಆರಕ್ಕೆ ಸಾಲಿನಲ್ಲಿ ನಿಂತವರಿಗೆಲ್ಲ ನಂಬರ್ ಚೀಟಿ. ಕೊಡುವುದು ಬಾಲದಿಂದ. ಕಟ್ಟಕಡೆಯವನಿಗೆ ಒಂದನೇ ನಂಬರ್, ಯಾಕೆಂದರೆ ಅವನ ಹಿಂದೆ ಮತ್ತೊಬ್ಬ ಬಂದು ಸೇರಬಾರದು. ಅವನ ಮತವೂ ಬಿದ್ದ ಮೇಲೆ ಕ್ಲೋಸ್, ಫಾರಂ 17ಸಿಯಲ್ಲಿ ಬಿದ್ದ ಮತಗಳ ಲೆಕ್ಕ, ಏಜೆಂಟರಿಗೆ ಪ್ರತಿ. ಹಸಿರು ಲಕೋಟೆ, ಹಳದಿ ಲಕೋಟೆ, ಅರಗು, ಮೇಣದಬತ್ತಿ, ಸುಟ್ಟ ಬೆರಳು. ಉಳಿದದ್ದು ಪ್ರಿಸೈಡಿಂಗ್ ಆಫೀಸರನ ಡೈರಿ. ಬೂತಿನ ನೂರು ಮೀಟರ್ ಒಳಗೆ ಪ್ರಚಾರ? ಲಂಚ? ಬೆದರಿಕೆ? ಮತದಾನಕ್ಕೆ ಅಡಚಣೆ? ವರ್ಕಾಡಿಯ ಟೀಚರ್ ತೃಕ್ಕರಿಪುರದಲ್ಲಿ, ಚೆರುವತ್ತೂರಿನ ಮಾಷ್ ಪೈವಳಿಕೆಯಲ್ಲಿ, ಇಬ್ಬರೂ ಒಂದೇ ಹೊತ್ತಿಗೆ ಒಂದೊಂದೇ ಕಾಲಂ ತುಂಬುತ್ತಾರೆ. ಪುಣ್ಯಕ್ಕೆ ಅಲ್ಲಿ ಬೇಕಾದ ಪದ ಕನ್ನಡಕ್ಕೂ ಮಲಯಾಳಕ್ಕೂ ಒಂದೇ. ಇಲ್ಲ. ಇಲ್ಲ. ಇಲ್ಲ.